ಬಚ್ಚಲಿಗೂ ಕಕ್ಕಸಿಗೂ ನಡುವಿನ ಗೋಡೆ

ಎಲ್ಲ ಶುರುವಾದದ್ದು ನಲ್ಲಿ ಅತ್ತೆಯ ಕೈಗೆ ಕಿತ್ತು ಬಂದ ದಿನ.

ಚೆಂಬೂರಿನ ನಮ್ಮ ಮನೆಯ ಕಕ್ಕಸು ಹಳೇ ಕಾಲದ್ದು, ಕುಕ್ಕರಗಾಲಲ್ಲಿ ಕೂರುವಂಥದ್ದು. ಅತ್ತೆಗೆ ಎಂಬತ್ತು ಹತ್ತಿರವಾಗಿತ್ತು, ಮಂಡಿ ಎರಡೂ ಕೈಕೊಟ್ಟು ವರ್ಷಗಳೇ ಆಗಿದ್ದವು. ಹೇಗೋ ಕೂರುತ್ತಿದ್ದರು, ಏಳುವುದು ಹೇಗೆ ಎಂದು ನಾವು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಗೋಡೆಯ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಅದಕ್ಕೆ ಹಾಕಿ ಏಳುತ್ತಿದ್ದರಂತೆ. ಅವತ್ತು ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ಒಳಗಿಂದ ಧಡ್ಡೆಂದು ಸದ್ದಾಯಿತು. ಹಿಂದೆಯೇ ಬಾಗಿಲಡಿಯಿಂದ ತುಕ್ಕಿನ ಕೆಂಪು ನೀರು ಪ್ಯಾಸೇಜಿಗೆ ನುಗ್ಗಿತು. ಓಡಿ ಹೋಗಿ ನೋಡಿದರೆ ಅತ್ತೆ ನೆಲದಲ್ಲಿ ಕೂತಿದ್ದಾರೆ, ಗೋಡೆಯಿಂದ ನೀರು ಚಿಮ್ಮಿ ಮುಖಕ್ಕೆ ಹೊಡೆಯುತ್ತಿದೆ, ಕೈಯಲ್ಲಿ ನಲ್ಲಿ ಭದ್ರವಾಗಿದೆ. ಪೆಟ್ಟಾಯಿತಾ ಎಂದು ಕೇಳಿದರೆ, ನಿಮ್ಮ ಮನೆಯ ನಲ್ಲಿ ಗಟ್ಟಿ ಇಲ್ಲ ಎಂದು ನನ್ನನ್ನೇ ಬೈದರು.

ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಡಾಕ್ಟರು ವಾಕರ್ ಹಿಡಿದೇ ನಡೆಯಬೇಕು, ಇನ್ನು ನೆಲಕ್ಕೆ ಕೂರಲೇಬಾರದು ಎಂದರು. ಕೂರದೆ ಏನು ಮಾಡುವುದು? ಅಂದಿನಿಂದ ನಾನೋ ಮಗಳೋ ಒಳಗೆ ಹೋಗಿ ಅತ್ತೆಯನ್ನು ಕೂರಿಸಿ, ಕರೆದಾಗ ಹೋಗಿ ಎಬ್ಬಿಸಬೇಕಾಯಿತು. ಒಂದು ಕಾಲದಲ್ಲಿ ಘಾಟ್ಕೋಪರಿನ ನಮ್ಮ ಹೋಟೆಲಿನ ಅಷ್ಟೂ ಹುಡುಗರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಹೆಂಗಸು ಆಗ ನನ್ನ ಮುಖ ನೋಡುತ್ತಿರಲಿಲ್ಲ. ಒಂದು ದಿನ ಸೆರಗು ಸರಿಮಾಡಿಕೊಳ್ಳುತ್ತಾ, "ಯಾರ ಕೈ ಹಿಡಿಯದೆ ಹೋಗಿ ಬರುವ ಹಾಗೆ ಮಾಡಿಸಿಕೊಡು ಮಾರಾಯ್ತಿ. ಬೇರೆ ಎಂತದೂ ಬೇಡ ನಂಗೆ," ಎಂದರು. ಅತ್ತೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ಒಂದು ಕಕ್ಕಸು ಸರಿಮಾಡಿಸುವುದು ಎಂಥ ದೊಡ್ಡ ಕೆಲಸ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ನಮ್ಮ ಮನೆಯ ಕಥೆ ಹೀಗೆ. ಹಾಲಿನಿಂದ ಒಳಕ್ಕೆ ಒಂದು ಪ್ಯಾಸೇಜು. ಅದರ ಒಂದು ಬದಿಗೆ ಅಕ್ಕಪಕ್ಕ ಎರಡು ಪುಟ್ಟ ಕೋಣೆಗಳು, ಒಂದು ಬಚ್ಚಲು, ಇನ್ನೊಂದು ಕಕ್ಕಸು. ನಡುವೆ ಒಂದು ಗೋಡೆ. ಕಕ್ಕಸಿನ ಬಾಗಿಲ ಪಕ್ಕಕ್ಕೆ, ಪ್ಯಾಸೇಜಿನಲ್ಲೇ, ಕೈ ತೊಳೆಯುವ ಬೇಸಿನ್ನು. ಕಕ್ಕಸು ಎಷ್ಟು ಚಿಕ್ಕದೆಂದರೆ ಅಲ್ಲಿ ಕುರ್ಚಿಯಂಥ ವೆಸ್ಟರ್ನ್ ಕಮೋಡ್ ಇಟ್ಟರೆ ಕೂತವರ ಮೊಣಕಾಲು ಬಾಗಿಲಿಗೆ ತಾಗುತ್ತದೆ. ವಾಕರ್ ಒಳಗೆ ಹೋಗುವ ಮಾತೇ ಇಲ್ಲ. ಆದ್ದರಿಂದ ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡಬೇಕು, ಕಮೋಡ್ ಒಂದು ಮೂಲೆಗೆ, ಸ್ನಾನ ಇನ್ನೊಂದು ಮೂಲೆಗೆ, ವಾಕರ್ ತಿರುಗಿಸುವಷ್ಟು ಜಾಗ ನಡುವೆ. ಬಿಲ್ಡಿಂಗಿನಲ್ಲಿ ಹೆಚ್ಚಿನವರು ಹೀಗೇ ಮಾಡಿಸಿದ್ದಾರೆ. ನಾನೂ ಅದನ್ನೇ ಹೇಳಿದೆ, ಕರೆಸಿದ ಪ್ಲಂಬರನೂ ಅದನ್ನೇ ಹೇಳಿದ.

ಪ್ಲಂಬರ್ ವಿಜಯಪುರದ ಕಡೆಯವನು, ಜೋಗೇಶ್ವರಿಯಲ್ಲಿ ಮನೆ. ಹೋಟೆಲಿನ ಪೈಪಿನ ಕೆಲಸವೆಲ್ಲ ಅವನದೇ ಎಂದು ನನ್ನ ಗಂಡ ಅವನನ್ನು ಕರೆಸಿದ್ದು. ಬಾಯಿತುಂಬ ಮಾತು, ಕನ್ನಡದವರ ಮನೆ ಎಂದು ಅಭಿಮಾನ ಬೇರೆ. "ಅಕ್ಕಾರ, ಒಂದ ವಾರದ ಕೆಲಸ ಐತ್ರಿ. ನೀವೇನ ಚಿಂತಿ ಮಾಡಬ್ಯಾಡ್ರಿ," ಎಂದ. ಚಿಂತೆ ಮಾಡಬೇಡಿ ಎನ್ನುವವರನ್ನು ಕಂಡರೆ ನನಗೆ ಆಗಲೂ ಭಯ, ಈಗಂತೂ ಹೇಳುವುದೇ ಬೇಡ. ಅವನು ಜೇಬಿನಿಂದ ಪೆನ್ಸಿಲ್ ತೆಗೆದು ಪ್ಯಾಸೇಜಿನ ಗೋಡೆಯ ಮೇಲೆಯೇ ನಕ್ಷೆ ಬರೆದ. ಇಲ್ಲಿ ಕಮೋಡು, ಇಲ್ಲಿ ಗೀಸರು, ಇಲ್ಲಿ ನೀರು ಹೋಗುವ ಜಾಲರಿ. ನೋಡಲು ಚೆನ್ನಾಗಿಯೇ ಇತ್ತು.

ಅತ್ತೆ ವಾಕರ್ ತಳ್ಳಿಕೊಂಡು ಬಂದು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಗೋಡೆ ಎಲ್ಲಿ ಎಂದು ಕೇಳಿದರು. ಗೋಡೆ ಇರುವುದಿಲ್ಲ ಅಂದೆ.

"ಕಕ್ಕಸಿನ ಒಳಗೆ ಮೀಯುದಾ?"

ಕಕ್ಕಸಿನ ಒಳಗಲ್ಲ ಅತ್ತೆ, ಅದು ಆ ಕಡೆ, ಇದು ಈ ಕಡೆ ಎಂದು ವಿವರಿಸಿದೆ. ಅತ್ತೆಯ ಲೆಕ್ಕಾಚಾರ ಬೇರೆಯೇ. ಮೀಯುವುದು ಯಾಕೆ, ಮೈಲಿಗೆ ಹೋಗಲಿಕ್ಕೆ. ಕಕ್ಕಸಿನಲ್ಲಿ ನಿಂತರೆ ಮೈಲಿಗೆ. ಅಲ್ಲಿ ಮಿಂದು ಹೊರಗೆ ಬಂದವರು ಇನ್ನೊಮ್ಮೆ ಮೀಯಬೇಕು. ಎಲ್ಲಿ? ಅದೇ ಕಕ್ಕಸಿನಲ್ಲಿ. ಹಾಗಾದರೆ ದೇವರ ದೀಪ ಹಚ್ಚುವುದು ಯಾವಾಗ? ಮಗಳು, ಮೊಬೈಲಿನಿಂದ ತಲೆ ಎತ್ತದೆ, ತನಗೆ ಬರುವಷ್ಟು ಕನ್ನಡದಲ್ಲಿ, "ಅಜ್ಜಿ, ಫೈವ್ ಸ್ಟಾರ್ ಹೋಟೆಲ್‌ನಲ್ಲಿ ಭೀ ಹಾಗೇ ಇರ್ತದೆ ನಾ," ಎಂದಳು. ಅಲ್ಲಿ ದೀಪ ಹಚ್ಚುವವರು ಯಾರು ಎಂದು ಅತ್ತೆ ಕೇಳಿದರು.

ಹೋಟೆಲು ಎಂಬ ಶಬ್ದ ಕೇಳಿದ್ದೇ ತಡ, ನನ್ನ ಗಂಡ ಎದ್ದು ಬಂದರು. ಇವರ ಬಗ್ಗೆ ಒಂದು ಮಾತು ಹೇಳಬೇಕು. ಚಿಕ್ಕ ಪ್ರಾಯದಿಂದ ಹೋಟೆಲು ನಡೆಸಿದವರು, ಜಗತ್ತಿನಲ್ಲಿ ಸರಿಯಾಗಿ ಕಟ್ಟಿದ ಜಾಗವೆಂದರೆ ಹೋಟೆಲೊಂದೇ ಎಂದು ನಂಬಿದವರು. ಇವರಿಗೆ ಕಕ್ಕಸಿನ ಚಿಂತೆಯೇ ಇಲ್ಲ. ಇವರ ಚಿಂತೆಯೆಲ್ಲ ಬೇಸಿನ್ನಿನದು. ಮನೆಗೆ ಬಂದವರು ಊಟಕ್ಕೆ ಮೊದಲು ಕೈ ತೊಳೆಯಲು ಕಕ್ಕಸಿನ ಬಾಗಿಲ ತನಕ ಹೋಗಬೇಕಾ? ಬೇಸಿನ್ನು ಹಾಲಿನಲ್ಲಿರಬೇಕು, ಒಳಗೆ ಬರುತ್ತಿದ್ದ ಹಾಗೆ ಕಾಣಬೇಕು, ಮೇಲೊಂದು ಕನ್ನಡಿ ಇರಬೇಕು. ಅಡುಗೆಮನೆಯ ಸಿಂಕಿನ ಗೋಡೆಗೇ ಬೆನ್ನು ಹಚ್ಚಿ ಕೂರಿಸಿದರೆ ಪೈಪಿನ ಕೆಲಸವೂ ಕಡಿಮೆ. ಇದನ್ನೆಲ್ಲ ಹೇಳುವಾಗ ಇವರ ಮುಖದಲ್ಲಿ ಎಂಥ ಕಳೆ ಎನ್ನುತ್ತೀರಿ. ನಮ್ಮದು ಮನೆ, ನಿಮ್ಮ ಗಿರಾಕಿಗಳು ಇಲ್ಲಿ ಇಡ್ಲಿ ತಿನ್ನಲು ಬರುವುದಿಲ್ಲ ಎಂದು ಹೇಳಿದೆ. ನಿನಗೆ ಅರ್ಥವಾಗುವುದಿಲ್ಲ ಎಂದರು. ಪೆನ್ಸಿಲ್ ಕಸಿದುಕೊಂಡು ಪ್ಲಂಬರನ ನಕ್ಷೆಯ ಪಕ್ಕದಲ್ಲಿ ತಮ್ಮದೊಂದು ಬರೆದರು.

ಆಮೇಲೆ ಮಗಳೂ ಬರೆದಳು. ಅವಳಿಗೆ ಗೋಡೆಯಿಂದ ನೇತಾಡುವ ಕಮೋಡ್ ಬೇಕು, ಗಾಜಿನ ಬಾಗಿಲು ಬೇಕು, ಮಳೆಯ ಹಾಗೆ ಸುರಿಯುವ ಶವರ್ ಬೇಕು. ನಾನು ಅದರ ಮೇಲೆ ಗೀಟು ಹಾಕಿ ಅತ್ತೆ ಹಿಡಿಯುವ ಸ್ಟೀಲ್ ಕಂಬಿ ಎಲ್ಲಿರಬೇಕೆಂದು ಬರೆದೆ. ಅತ್ತೆ ಪೆನ್ಸಿಲ್ ಮುಟ್ಟಲಿಲ್ಲ. ದಿನಕ್ಕೊಮ್ಮೆ ಬಂದು, ಇಲ್ಲದ ಗೋಡೆಯ ಜಾಗವನ್ನು ಬೆರಳಲ್ಲಿ ತೋರಿಸಿ ಹೋಗುತ್ತಿದ್ದರು. ಗೋಡೆ ಇರಲಿ ಎಂದರೆ ವಾಕರ್ ಹೋಗುವುದಿಲ್ಲ, ವಾಕರ್ ಹೋಗದಿದ್ದರೆ ಯಾರದಾದರೂ ಕೈ ಹಿಡಿಯಲೇಬೇಕು, ಕೈ ಹಿಡಿಯುವುದು ನಿಮಗೇ ಬೇಡ ಎಂದು ನಾನು ನೂರು ಸಲ ಹೇಳಿರಬಹುದು. ಅತ್ತೆ ನನ್ನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, ಗೋಡೆ ಇರಲಿ ಎನ್ನುತ್ತಿದ್ದರು. ತಲೆ ಚಿಟ್ಟು ಹಿಡಿದುಹೋಯಿತು. ಶಾಲೆಯಲ್ಲಿ ಇಡೀ ದಿನ ಮಕ್ಕಳಿಗೆ ಪಾಠ ಹೇಳಿ ಬಂದು ಮನೆಯಲ್ಲಿ ಇವರಿಗೆಲ್ಲ ಕಕ್ಕಸಿನ ಪಾಠ ಹೇಳುವ ಗ್ರಹಚಾರ ನನ್ನದು.

ಹೀಗಿರುವಾಗ ಒಂದು ದಿನ ಶಾಲೆಯಿಂದ ಬರುತ್ತೇನೆ, ಮನೆಯ ತುಂಬ ಸಿಮೆಂಟಿನ ಧೂಳು. ಪ್ಲಂಬರ್ ಬಂದು ಕಕ್ಕಸಿನ ಕಲ್ಲು ಕಿತ್ತು ಹಾಕಿದ್ದಾನೆ. ಬಚ್ಚಲಿನ ಟೈಲ್ಸು ಒಡೆದಿದ್ದಾನೆ, ಗೋಡೆಯೊಳಗಿನ ತುಕ್ಕು ಹಿಡಿದ ಪೈಪುಗಳನ್ನೆಲ್ಲ ಹೊರಗೆ ತೆಗೆದಿದ್ದಾನೆ. ಪ್ಯಾಸೇಜಿನ ಬೇಸಿನ್ನೂ ಇಲ್ಲ. ನಡುವಿನ ಗೋಡೆ ಮಾತ್ರ ಹಾಗೆಯೇ ನಿಂತಿದೆ. ಯಾವ ನಕ್ಷೆ ಎಂದು ತೀರ್ಮಾನವೇ ಆಗಿಲ್ಲವಲ್ಲಪ್ಪಾ, ಯಾರನ್ನು ಕೇಳಿ ಒಡೆದೆ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನಿಮ್ಮ ಮನ್ಯಾಗ ಎಲ್ಲಾರೂ ಒಪ್ಪಿದ್ದು ಒಂದ ಮಾತರಿ ಅಕ್ಕಾರ, ಹಳೇದು ತಗೀಬೇಕಂತ. ಅದನ್ನ ತಗದೀನಿ," ಎಂದ.

ಇದಕ್ಕೆ ಏನು ಹೇಳುತ್ತೀರಿ? ತಲೆ ಚಚ್ಚಿಕೊಳ್ಳೋಣವೆಂದರೆ ಗೋಡೆಗಳೂ ಅರ್ಧ ಒಡೆದಿದ್ದವು. ಸರಿ, ನಾಳೆ ಬೆಳಿಗ್ಗೆ ಬಾ, ಕೂತು ತೀರ್ಮಾನ ಮಾಡೋಣ ಎಂದೆ. ನಾಳೆ ಆಗುವುದಿಲ್ಲ, ಊರಲ್ಲಿ ಕಾಕಾನ ಮಗಳ ಲಗ್ನ, ಸಂಜೆಯ ಗಾಡಿಗೆ ಹೋಗುತ್ತಿದ್ದೇನೆ ಎಂದ. ಅದಕ್ಕೇ ಅವಸರದಲ್ಲಿ ಒಡೆದದ್ದಂತೆ, ನಮ್ಮ ಕೆಲಸ ಹಿಂದೆ ಬೀಳಬಾರದೆಂದು. ಎರಡೇ ದಿನದಲ್ಲಿ ಬರುತ್ತೇನೆ ಎಂದು ಕೈಮುಗಿದು ಹೋದ. ನನ್ನ ಗಂಡ, ಹೋಗಲಿ ಬಿಡು, ಲಗ್ನ ಅಲ್ಲವಾ ಎಂದರು. ಇವರಿಗೇನು, ಬೆಳಿಗ್ಗೆ ಎದ್ದು ಹೋಟೆಲಿಗೆ ಹೋದರೆ ಅಲ್ಲಿ ಎಲ್ಲ ಉಂಟು. ಮಗಳಿಗೆ ಆಫೀಸಿನಲ್ಲಿ ಉಂಟು, ನನಗೆ ಶಾಲೆಯಲ್ಲಿ ಉಂಟು. ಅತ್ತೆಗೆ?

ಎದುರು ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವರು, ದೇವರಂಥವರು. ನಮ್ಮ ಗಲಾಟೆ ಕೇಳಿ ತಾವಾಗಿ ಬಂದು, ಆಯಿಯನ್ನು ನಮ್ಮ ಮನೆಗೆ ಕರೆದುಕೊಂಡು ಬಾ, ಹೊತ್ತುಗೊತ್ತು ನೋಡಬೇಡ ಎಂದರು. ಅವರದು ಎರಡನ್ನೂ ಒಂದು ಮಾಡಿದ ಹೊಸ ಬಾತ್‌ರೂಮು, ಹೊಳೆಯುವ ಟೈಲ್ಸು, ನೀರು ಬಿದ್ದರೆ ನಮಗೇ ಕಾಲು ಜಾರುತ್ತದೆ. ಹಿಡಿಯಲು ಒಂದು ಕಂಬಿ ಇಲ್ಲ. ಹಾಗಾಗಿ ನಾನು ಒಳಗೇ ಇರಬೇಕು. ನಾನು ಶಾಲೆಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ, ಮಲಗುವ ಮೊದಲು ಒಮ್ಮೆ, ಅತ್ತೆ ವಾಕರ್ ತಳ್ಳುತ್ತಾ ಮುಂದೆ, ನಾನು ತಂಬಿಗೆ, ಟವೆಲು, ಸೀರೆ ಹೊತ್ತುಕೊಂಡು ಹಿಂದೆ. ಲಿಫ್ಟಿನಿಂದ ಇಳಿದವರು ನಿಂತು, ಕ್ಯಾ ಹುವಾ ಆಂಟಿ ಎಂದು ವಿಚಾರಿಸುವರು. ಕಾಕು ಪ್ರತಿ ಸಲವೂ ಪ್ರೀತಿಯಿಂದ ಚಹಾ ಮಾಡಿ ಇಡುವರು. ಅತ್ತೆ ಒಂದು ಗುಟುಕೂ ಕುಡಿಯಲಿಲ್ಲ. ಪಾಪ, ಅವರು ಏನು ತಿಳಿದುಕೊಂಡರೋ ಎಂದು ಎಲ್ಲ ಸಲವೂ ನಾನೇ ಎರಡೂ ಕಪ್ಪು ಕುಡಿದು ನನಗೆ ಎದೆಯುರಿ ಬಂತು.

ಸ್ನಾನಕ್ಕೂ ಅಲ್ಲೇ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ನಾನು ಬೆನ್ನಿಗೆ ನೀರು ಹೊಯ್ಯುತ್ತಿದ್ದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮೈಯನ್ನು ನಾನು ಸೀರೆಯಲ್ಲಲ್ಲದೆ ನೋಡಿರಲಿಲ್ಲ. ಬೆನ್ನು ಎಷ್ಟು ಸಣ್ಣದಾಗಿತ್ತು. ಮನೆಗೆ ಬಂದ ಮೇಲೆ ಅತ್ತೆ ದೇವರ ಮುಂದೆ ನಿಂತು, ದೀಪ ಹಚ್ಚದೆ, ಕೈ ಮಾತ್ರ ಮುಗಿದು ತಮ್ಮ ಕೋಣೆಗೆ ಹೋಗುತ್ತಿದ್ದರು. ದೀಪ ಮಗಳು ಹಚ್ಚುತ್ತಿದ್ದಳು.

ಪ್ಲಂಬರನ ಎರಡು ದಿನ ಮುಗಿಯಲೇ ಇಲ್ಲ. ಫೋನು ಮಾಡಿದರೆ ಯಾವಾಗಲೂ "ಗಾಡ್ಯಾಗ ಅದೀನ್ರಿ ಅಕ್ಕಾರ" ಎನ್ನುವನು. ಹಿಂದೆ ರೈಲಿನ ಸದ್ದಲ್ಲ, ಕೋಳಿ ಕೂಗುವ ಸದ್ದು. ಬೇರೆ ಯಾರನ್ನಾದರೂ ಕರೆಯೋಣವೆಂದರೆ, ಇನ್ನೊಬ್ಬನು ಒಡೆದ ಕೆಲಸಕ್ಕೆ ನಾವು ಕೈ ಹಾಕುವುದಿಲ್ಲ ಎಂದು ಬಂದವರೆಲ್ಲ ಇಣುಕಿ ನೋಡಿ ಹೋದರು. ಆ ಹೊತ್ತಿಗೆ ಸರಿಯಾಗಿ ಜೋಗೇಶ್ವರಿಯಿಂದ ಟೆಂಪೊದಲ್ಲಿ ಒಂದು ಸ್ಟೀಲಿನ ತೊಟ್ಟಿ ಬಂದು ಇಳಿಯಿತು. ಹೋಟೆಲಿನ ಸಿಂಕುಗಳನ್ನು ಮಾಡಿಕೊಡುವ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಗಂಡ ಹಾಲಿಗೆಂದು ಬೇಸಿನ್ನು ಮಾಡಿಸಿದ್ದರು. ಮೂರು ಜನ ಒಟ್ಟಿಗೆ ಸಾಲಾಗಿ ನಿಂತು ಕೈ ತೊಳೆಯಬಹುದು. ನಾಳೆ ನೆಂಟರು ಬಂದರೆ ಕ್ಯೂ ಆಗುವುದಿಲ್ಲ ಎಂದರು. ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಹೋಗಲು ಕಕ್ಕಸಿಲ್ಲ, ನಿಮಗೆ ಕೈ ತೊಳೆಯುವ ಕ್ಯೂ ಆಯಿತಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ತೊಟ್ಟಿ ಅದೇ ಟೆಂಪೊದಲ್ಲಿ ವಾಪಸು ಹೋಯಿತು. ಒಬ್ಬರೇ ಕೈ ತೊಳೆಯುವ ಅಳತೆಯದ್ದು ಮಾಡಿಸುತ್ತೇನೆ ಎಂದು ಇವರು ಮುಖ ದಪ್ಪ ಮಾಡಿಕೊಂಡು ಹೇಳಿದರು, ಆದರೆ ಹಾಲಿನಲ್ಲೇ ಆಗಬೇಕೆಂಬ ಪಟ್ಟು ಬಿಡಲಿಲ್ಲ.

ಇದೆಲ್ಲದರ ನಡುವೆ ನಾನು ಗಮನಿಸದೇ ಇದ್ದದ್ದು ಅತ್ತೆಯ ಮಂಚದ ಪಕ್ಕದ ನೀರು. ದಿನಾ ಬೆಳಿಗ್ಗೆ ನಾನು ಇಟ್ಟ ಹೂಜಿ ಸಂಜೆಗೂ ಹಾಗೇ ತುಂಬಿರುತ್ತಿತ್ತು. ಅತ್ತೆ ಕುಡಿದ ಮೇಲೆ ಮಗಳು ತುಂಬಿಸುತ್ತಾಳೆ ಅಂದುಕೊಂಡಿದ್ದೆ. ಒಂದು ದಿನ ಅತ್ತೆಗೆ ಚಳಿ ಜ್ವರ ಬಂತು, ಮಾತು ತೊದಲಿತು, ನನ್ನನ್ನೇ ಯಾರು ಎಂದು ಕೇಳಿದರು. ಡಾಕ್ಟರು ಮನೆಗೇ ಬಂದರು. ನೀರು ಕುಡಿಯದೆ ಮೂತ್ರದಲ್ಲಿ ಸೋಂಕಾಗಿದೆ, ಈ ಪ್ರಾಯದಲ್ಲಿ ಇದು ಆಟ ಅಲ್ಲ, ಮನೆಯಲ್ಲಿ ಇಷ್ಟು ಜನ ಇದ್ದು ಮುದುಕಿಗೆ ನೀರು ಕೊಡುವವರಿಲ್ಲವೇ ಎಂದು ನನಗೆ ಸರಿಯಾಗಿ ಬೈದು ಔಷಧಿ ಬರೆದರು. ಜ್ವರ ಇಳಿದು ಅತ್ತೆ ಎದ್ದು ಕೂತ ಮೇಲೆ, ಅಷ್ಟು ದಿನ ಹಿಡಿದಿಟ್ಟ ಸಿಟ್ಟೆಲ್ಲ ಅವರ ಮೇಲೆಯೇ ಹಾಕಿದೆ. ನೀರು ಬಿಟ್ಟು ಸಾಯಬೇಕು ಅಂತಿದ್ದೀರಾ, ಜನ ನನಗೆ ಏನು ಹೇಳುತ್ತಾರೆ ಎಂದು ಕೇಳಿದೆ.

ಅತ್ತೆ ಹೊದಿಕೆಯ ಅಂಚು ಸರಿಮಾಡಿಕೊಂಡರು. "ಕುಡಿದರೆ ಹೋಗ್ಬೇಕಲ್ಲ. ಹೋಗ್ಬೇಕಾದ್ರೆ ನೀನು ಬರ್ಬೇಕು, ಆಚೆ ಮನೆಯವರ ಬಾಗಿಲು ತಟ್ಬೇಕು. ದಿನಾ ಅದು ಬೇಡ ಅಂತ ನಾನೇ ಕಡಿಮೆ ಮಾಡಿದೆ."

ಎದ್ದು ಹೊರಗೆ ಬಂದೆ. ಪ್ಯಾಸೇಜಿನಲ್ಲಿ ಕತ್ತಲೆ, ಕಣ್ಣಲ್ಲಿ ನೀರು, ನಾಲ್ಕು ಹೆಜ್ಜೆ ಹಾಕಿದ್ದೇ ವಾಕರಿನ ಕಾಲಿಗೆ ಎಡವಿ ಹೆಬ್ಬೆರಳು ಜಜ್ಜಿತು. ಅಯ್ಯಯ್ಯೋ ಎಂದು ಅಲ್ಲೇ ಕೂತೆ. ಬೇಸಿನ್ನು ಹೋದಾಗಿನಿಂದ ಅತ್ತೆ ವಾಕರನ್ನು ಬೇಸಿನ್ನಿದ್ದ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಎಷ್ಟು ಸಲ ಹೇಳುವುದು, ದಾರಿಯಲ್ಲಿ ಇಡಬೇಡಿ ಎಂದು ಕೂಗಲು ಬಾಯಿ ತೆರೆದವಳು ವಾಕರನ್ನೇ ನೋಡಿದೆ. ವಾಕರ್ ಅಲ್ಲಿ ಆರಾಮವಾಗಿ ನಿಂತಿತ್ತು. ಅದನ್ನು ದಾಟಿ ಹೋಗಲು ಜಾಗವೂ ಇತ್ತು, ನಾನೇ ನೋಡದೆ ಎಡವಿದ್ದು. ಕಕ್ಕಸು ಬಚ್ಚಲಿನ ಕಡೆಗೆ ಬೆಳೆಯಬೇಕೆಂದು ಯಾರು ಹೇಳಿದರು? ಪ್ಯಾಸೇಜಿನ ಕಡೆಗೆ ಬೆಳೆಯಲಿ. ಕಕ್ಕಸಿನ ಬಾಗಿಲಿರುವ ಗೋಡೆಯನ್ನು ಬೇಸಿನ್ನು ಚಾಚಿದ್ದಷ್ಟು ಹೊರಕ್ಕೆ ಎಳೆದರೆ ಕಮೋಡ್ ತನ್ನ ಹಳೇ ಜಾಗದಲ್ಲೇ ಇರುತ್ತದೆ, ಅದರ ಮುಂದೆ ವಾಕರ್ ನಿಲ್ಲುತ್ತದೆ, ನಡುವಿನ ಗೋಡೆಯನ್ನು ಮುಟ್ಟುವುದೇ ಬೇಡ. ಗೋಡೆಯ ಮೇಲಿನ ನಕ್ಷೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದೆ.

ಪ್ಲಂಬರ್ ಕೊನೆಗೂ ಬಂದ, ಲಗ್ನದ ಬುಂದಿ ಲಾಡು ಹಿಡಿದುಕೊಂಡು. ಬೈಯಲು ಹೊರಟರೆ ಕೈಗೆ ಲಾಡು ಕೊಡುತ್ತಾನೆ, ಇಂಥವರನ್ನು ಏನು ಮಾಡುವುದು. ನನ್ನ ಯೋಚನೆ ಹೇಳಿದೆ. ಅವನು ಟೇಪು ಹಿಡಿದು ಅಳೆದ, ಬಗ್ಗಿ ನೋಡಿದ, ತಲೆ ಕೆರೆದುಕೊಂಡ. ಆಗುತ್ತದೆ ಎಂದ. ಹೊಲಸು ನೀರಿನ ಪೈಪು ಸರಿಸುವುದೇ ಬೇಡವಾದ್ದರಿಂದ ಕೆಳಗಿನ ಮನೆಯವರ ತಕರಾರೂ ಇರುವುದಿಲ್ಲ, ಬಿಲ್ಡಿಂಗಿನ ಸೊಸೈಟಿಯವರೂ ಸುಮ್ಮನಿರುತ್ತಾರೆ. ನೆಲದ ಇಳಿಜಾರು ಪೂರ್ತಿ ಹಿಂದಿನ ಗೋಡೆಯ ಕಡೆಗೆ ಕೊಟ್ಟರೆ ಮುಂದಿನ ಭಾಗ ಒಣಗಿಯೇ ಇರುತ್ತದೆ. ಬಾಗಿಲು ಮಾತ್ರ ಹೊರಗೆ ತೆರೆಯುವಂತಿರಬೇಕು. ಎಲ್ಲ ಹೇಳಿ ಕೊನೆಗೆ, ಹಾಗಾದರೆ ಬೇಸಿನ್ನು ಇನ್ನು ಪ್ಯಾಸೇಜಿಗೆ ಬರುವುದಿಲ್ಲ, ಸಾಹೇಬರು ಹೇಳಿದ ಹಾಗೆ ಹಾಲಿನಲ್ಲೇ ಆಗಬೇಕು ಎಂದ. ನನ್ನ ಗಂಡ ಅಲ್ಲೇ ಪೇಪರು ಓದುತ್ತಿದ್ದರು. ತಲೆ ಎತ್ತಲಿಲ್ಲ, ಪುಣ್ಯಾತ್ಮ, ಆದರೆ ಪೇಪರಿನ ಹಿಂದೆ ನಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇವತ್ತಿಗೂ ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಹೊಳೆಯುವ ಸ್ಟೀಲಿನ ಬೇಸಿನ್ನು. ಇವರು ಬಂದವರನ್ನು ಕೂತುಕೊಳ್ಳಿ ಎನ್ನುವ ಮೊದಲು ಕೈ ತೊಳೆಯಿರಿ ಎನ್ನುತ್ತಾರೆ.

ಕೆಲಸ ಮುಗಿಯಿತು. ಮುಗಿಯುವುದರೊಳಗೆ ಇನ್ನೂ ಎಷ್ಟು ಸಲ ಕೂಗಾಡಿದೆನೋ ಲೆಕ್ಕವಿಲ್ಲ. ಬಿಸಿನೀರಿನ ಪೈಪು ಇರಬೇಕಾದಲ್ಲಿ ತಣ್ಣೀರಿನದು ಬಂತು, ಕಂಬಿಯನ್ನು ಅತ್ತೆಯ ಎತ್ತರಕ್ಕಲ್ಲ, ಪ್ಲಂಬರ್ ತನ್ನ ಎತ್ತರಕ್ಕೆ ಹಾಕಿ ಪುನಃ ಕಿತ್ತು ಕೆಳಗೆ ಹಾಕಿದ. ಆದರೆ ಅತ್ತೆ ಮೊದಲ ಸಲ ವಾಕರ್ ತಳ್ಳಿಕೊಂಡು ಕಕ್ಕಸಿಗೆ ಹೋಗಿ, ಕಂಬಿ ಹಿಡಿದು ಕೂತು, ಕಂಬಿ ಹಿಡಿದು ಎದ್ದು, ತಾವಾಗಿಯೇ ಹೊರಗೆ ಬಂದ ದಿನ ನನಗೆ ಎಲ್ಲ ಸಾಕೆನಿಸಿತು. ಸಂಜೆ ಇನ್ನೊಂದು ಲೋಟ ಕಾಫಿ ಕೊಡು ಎಂದು ಕೇಳಿ ಕುಡಿದರು.

ಮರುದಿನ ಬೆಳಿಗ್ಗೆ ಹೊಸ ಬಚ್ಚಲಿನಲ್ಲಿ ಮೊದಲ ಸ್ನಾನ. ಅತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡು, ಸೀರೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ನಾನು ಸ್ಟೂಲು ಇಟ್ಟು, ಬಕೆಟಿಗೆ ಬಿಸಿನೀರು ಬಿಟ್ಟು, ಬಾಗಿಲು ಎಳೆದುಕೊಂಡು ಬಂದೆ. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಅತ್ತೆ ಮೀಯದೆ ಹೊರಗೆ ಬಂದು ಹಾಲಿನ ಕುರ್ಚಿಯಲ್ಲಿ ಕೂತಿದ್ದಾರೆ, ಹಣೆಗೆ ಎಣ್ಣೆ ಇಳಿಯುತ್ತಿದೆ. ಏನಾಯಿತು ಎಂದು ಕೇಳಿದೆ. ಒಳಗಿನ ಚಿಲಕ ಎಲ್ಲಿ ಎಂದರು.

ಬಚ್ಚಲಿಗೂ ಹೊಸ ಬಾಗಿಲು ಇಡಿಸಿದ್ದೆವು, ಅದಕ್ಕೆ ಚಿಲಕ ಹಾಕಿಸಿರಲಿಲ್ಲ. ಬೇಕೆಂದೇ ಹಾಕಿಸಿರಲಿಲ್ಲ. ಒಳಗೆ ಬಿದ್ದರೆ ಬಾಗಿಲು ಒಡೆಯುವುದು ಯಾರು ಎಂದು ಡಾಕ್ಟರೂ ಹೇಳಿದ್ದರು, ನನ್ನ ಗಂಡನೂ ಹೇಳಿದ್ದರು, ನಾನೂ ಒಪ್ಪಿದ್ದೆ. ಅದನ್ನೇ ಹೇಳಿದೆ. ಎಷ್ಟೆಲ್ಲ ಮಾಡಿದೆವು ಅತ್ತೆ, ನೀವು ಹೇಳಿದ ಗೋಡೆ ಇಟ್ಟೆವು, ಕಂಬಿ ಹಾಕಿದೆವು, ಇನ್ನು ಚಿಲಕಕ್ಕೆ ಹಟ ಹಿಡಿದರೆ ನಾನು ಎಲ್ಲಿಗೆ ಹೋಗಲಿ ಎಂದೆ. ನನ್ನ ದನಿ ಏರಿತ್ತು. ಇವರೂ ಬಂದು ನಿಂತು, ಅಮ್ಮ, ಬಾಗಿಲು ಹಾಕಿಕೊಂಡರೆ ಸಾಲದಾ, ನಾವ್ಯಾರು ಬರುತ್ತೇವೆ ಎಂದರು.

ಅತ್ತೆ ಮಗನ ಕಡೆ ತಿರುಗದೆ ನನ್ನನ್ನು ನೋಡಿದರು.

"ಆಚೆ ಮನೆಯಲ್ಲಿ ನೀನು ನೀರು ಹೊಯ್ಯುವಾಗ ಕಣ್ಣು ಬೇರೆ ಕಡೆ ಇಟ್ಟುಕೊಂಡಿದ್ದಿ. ಗೊತ್ತುಂಟು ನಂಗೆ. ನೀನು ಒಳ್ಳೆಯವಳು. ಆದರೂ ನಂಗೆ ಸಾಕಾಗಿತ್ತು ಮಗಾ. ಬಿದ್ದರೆ ಬೀಳ್ತೇನೆ, ಚಿಲಕ ಹಾಕಿಸು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ಬಿಲ್ಡಿಂಗಿನ ಬುಡದ ಹಾರ್ಡ್‌ವೇರ್ ಅಂಗಡಿಯವನು ಆಗಷ್ಟೇ ಶಟರ್ ಎತ್ತುತ್ತಿದ್ದ. ಸುಲಭವಾಗಿ ಜಾರುವ ಚಿಲಕ ಕೊಡು, ಮುದುಕರ ಕೈಗೆ ಬಗ್ಗಬೇಕು ಎಂದು ಕೇಳಿ ತಂದೆ. ಇವರು ಬಾಯಿ ಮುಚ್ಚಿಕೊಂಡು ಸ್ಕ್ರೂ ತಿರುಗಿಸಿದರು. ಅತ್ತೆ ಕುರ್ಚಿಯಲ್ಲಿ ಕೂತು ಕಾದರು, ತಣ್ಣಗಾದ ನೀರು ಚೆಲ್ಲಿ ಬೇರೆ ಬಿಡಿಸಿಕೊಂಡರು, ಮತ್ತೆ ಒಳಗೆ ಹೋದರು. ಚಿಲಕ ಜಾರಿ ಕೂತ ಸದ್ದು ಕೇಳಿತು.

ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಏನೂ ಕೇಳಿಸಲಿಲ್ಲ. ತಂಬಿಗೆಯ ಸದ್ದಿಲ್ಲ, ನೀರಿನ ಸದ್ದಿಲ್ಲ. ಅತ್ತೆ, ಎಂದೆ ಮೆಲ್ಲಗೆ.

"ಬಾಗಿಲ ಹತ್ತಿರ ನಿಂತು ಎಂತ ಮಾಡ್ತಿ? ಹೋಗು," ಎಂದರು ಒಳಗಿನಿಂದ.

"ಹೋದೆ ಅತ್ತೆ," ಎಂದು ಅಲ್ಲೇ ನಿಂತುಕೊಂಡು ಹೇಳಿದೆ.

ಒಳಗೆ ಮತ್ತೆ ಸದ್ದಿಲ್ಲ. ಅತ್ತೆ ಕಾಯುತ್ತಿದ್ದರು. ನಾನೂ ಕಾದೆ. ಕೊನೆಗೆ ಹೆಜ್ಜೆಯ ಸದ್ದಾಗುವಂತೆ ನಡೆದು ಅಡುಗೆಮನೆಗೆ ಹೋದೆ. ನಾನು ನಿಜವಾಗಿ ಹೋಗುವವರೆಗೆ ಅತ್ತೆ ಒಂದು ತಂಬಿಗೆ ನೀರನ್ನೂ ಮೈಮೇಲೆ ಹೊಯ್ದುಕೊಳ್ಳಲಿಲ್ಲ.